ಕಿವಿ, ಕೋಣೆ, ಮೈ: ಶಬ್ದಕಲೆಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಶಬ್ದಕಲೆಯ ಮಾತು ಬಂದಾಗಲೆಲ್ಲ ಗೆಳೆಯರು, ಹೊಸದಾಗಿ ಕೇಳಲು ಶುರು ಮಾಡಿದವರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇವು. ಶಬ್ದಕಲೆ ಅಂದರೆ ಸೌಂಡ್ ಆರ್ಟ್. ಅದರಲ್ಲಿ ಹತ್ತಾರು ಬಗೆಗಳಿವೆ. ಇಲ್ಲಿ ನಾನು ಒಂದನ್ನು ಮಾತ್ರ ಹಿಡಿದುಕೊಂಡಿದ್ದೇನೆ. ಜಾಗ, ಆ ಜಾಗದಲ್ಲಿ ಶಬ್ದ ಓಡಾಡುವ ರೀತಿ, ಕೇಳುವವರ ಮೈ. ಈ ಮೂರನ್ನೇ ಸಾಮಗ್ರಿ ಮಾಡಿಕೊಂಡ ಕೃತಿಗಳ ಬಗ್ಗೆ ಮಾತ್ರ ಇಲ್ಲಿ ಬರೆದಿದ್ದೇನೆ. ನನಗೆ ತುಂಬಾ ಇಷ್ಟವಾದ ಬಗೆಯೂ ಇದೇ.

ಇದು ಸಂಗೀತವೇ ಅಲ್ವಾ? ಬೇರೆ ಹೆಸರು ಯಾಕೆ?

ಎರಡರ ನಡುವೆ ಗೋಡೆಯೇನೂ ಇಲ್ಲ. ಈ ಕೆಲಸ ಮಾಡಿದ ಹಲವರು ಸಂಗೀತ ಕಲಿತು ಬಂದವರೇ. ಆದರೆ ಕೇಳುವ ರೀತಿ ಬೇರೆ. ಸಂಗೀತ ಕಚೇರಿಗೆ ಒಂದು ಶುರು ಇದೆ, ಒಂದು ಕೊನೆ ಇದೆ, ನಿಮಗೊಂದು ಕುರ್ಚಿ ಇದೆ. ಎಲ್ಲರೂ ವೇದಿಕೆಯ ಕಡೆ ಮುಖ ಮಾಡಿ ಕೂರುತ್ತಾರೆ. ಶಬ್ದಕಲೆಯಲ್ಲಿ ಸಾಮಾನ್ಯವಾಗಿ ವೇದಿಕೆಯೇ ಇರುವುದಿಲ್ಲ. ಬೇಕಾದಾಗ ಒಳಗೆ ಬರುತ್ತೀರಿ, ಓಡಾಡುತ್ತೀರಿ, ಗೋಡೆಗೆ ಒರಗುತ್ತೀರಿ, ಸಾಕೆನಿಸಿದಾಗ ಹೊರಡುತ್ತೀರಿ. ಅಮೆರಿಕದ ಮ್ಯಾಕ್ಸ್ ನ್ಯೂಹೌಸ್ ಮೊದಲು ಹೆಸರಾಂತ ತಾಳವಾದ್ಯಗಾರರಾಗಿದ್ದರು. 1960ರ ದಶಕದ ಕೊನೆಯಲ್ಲಿ ಅವರು ಕಚೇರಿಗಳನ್ನು ಬಿಟ್ಟು ಇಂಥ ಕೃತಿಗಳ ಕಡೆ ಬಂದರು. ಇವಕ್ಕೆ ಸೌಂಡ್ ಇನ್‌ಸ್ಟಲೇಶನ್ ಎಂಬ ಹೆಸರು ಬಳಕೆಗೆ ಬಂದದ್ದು ಅವರಿಂದಲೇ ಎನ್ನುತ್ತಾರೆ. ಸಂಗೀತದಲ್ಲಿ ಶಬ್ದಗಳನ್ನು ಕಾಲದಲ್ಲಿ ಜೋಡಿಸುತ್ತಾರೆ, ನಾನು ಜಾಗದಲ್ಲಿ ಇಡುತ್ತೇನೆ ಎಂಬುದು ಅವರ ಯೋಚನೆ.

ನಾನು ಬಳಸುವ ಒಂದು ಸುಲಭದ ಪರೀಕ್ಷೆ ಇದೆ. ಕೃತಿಯನ್ನು ಎತ್ತಿ ಬೇರೆ ಕೋಣೆಯಲ್ಲಿಟ್ಟರೆ ಅದು ಅದೇ ಕೃತಿಯಾಗಿ ಉಳಿಯುತ್ತದೆಯೇ? ಒಂದು ಹಾಡನ್ನು ಅಂಗಳದಲ್ಲಿ ಹಾಡಿ, ಸಭಾಂಗಣದಲ್ಲಿ ಹಾಡಿ, ಹಾಡು ಹಾಡೇ. ಇಲ್ಲಿ ಹೇಳುವ ಕೃತಿಗಳು ಹಾಗಲ್ಲ. ಜಾಗ ಬದಲಾದರೆ ಅವು ಬೇರೆಯೇ ಆಗುತ್ತವೆ. ನೀವು ನಿಂತ ಜಾಗ ಬದಲಾದರೂ ಅಷ್ಟೇ.

ಒಂದೇ ಶಬ್ದ ಎಲ್ಲಿ ಕೇಳಿದರೂ ಒಂದೇ ಅಲ್ವಾ? ಕೋಣೆ ಏನು ಮಾಡುತ್ತೆ?

ಸುಮ್ನೆ ಒಂದು ಚಪ್ಪಾಳೆ ತಟ್ಟಿ ನೋಡಿ. ಮೊದಲು ಬಟ್ಟೆ ತುಂಬಿದ ಬೀರುವಿನ ಬಾಗಿಲು ತೆಗೆದು ಅದರ ಮುಂದೆ, ಆಮೇಲೆ ಬಚ್ಚಲುಮನೆಯಲ್ಲಿ. ಕೈಗಳು ಅವೇ, ಶಬ್ದ ಬೇರೆ.

ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಕೋಣೆಯೊಳಗೆ ಒಂದು ಸೆಕೆಂಡಿನಲ್ಲಿ ಅದು ಗೋಡೆ, ಚಾವಣಿ, ನೆಲಕ್ಕೆ ಹತ್ತಾರು ಸಲ ಬಡಿದು ವಾಪಸ್ ಬರುತ್ತದೆ. ಪ್ರತಿ ಸಲ ಬಡಿದಾಗಲೂ ಗೋಡೆ ಸ್ವಲ್ಪ ನುಂಗುತ್ತದೆ, ಉಳಿದದ್ದನ್ನು ಹಿಂದಕ್ಕೆ ಕಳಿಸುತ್ತದೆ. ಕಲ್ಲು, ಗಾಜು, ಟೈಲ್ಸ್ ನುಂಗುವುದು ಕಡಿಮೆ. ಹತ್ತಿ, ಉಣ್ಣೆ, ಪರದೆ ಜಾಸ್ತಿ ನುಂಗುತ್ತವೆ. ನಿಮ್ಮ ಕಿವಿಗೆ ಬೀಳುವ ಶಬ್ದದಲ್ಲಿ ನೇರವಾಗಿ ಬಂದದ್ದು ಒಂದು ಪಾಲು, ಉಳಿದದ್ದೆಲ್ಲ ಕೋಣೆ ಕೈಯಾಡಿಸಿ ಕಳಿಸಿದ್ದು.

ಇದನ್ನು ಮೊದಲು ಸರಿಯಾಗಿ ಅಳೆದವರು ಹಾರ್ವರ್ಡ್‌ನ ವ್ಯಾಲೇಸ್ ಸಬೈನ್. 1895ರಲ್ಲಿ ಅವರಿಗೆ ಒಂದು ಉಪನ್ಯಾಸ ಕೋಣೆಯನ್ನು ಸರಿಪಡಿಸುವ ಕೆಲಸ ಬಂತು. ಅಲ್ಲಿ ಒಂದು ಮಾತು ಐದೂವರೆ ಸೆಕೆಂಡು ಗುಂಯ್ ಎನ್ನುತ್ತಾ ಉಳಿಯುತ್ತಿತ್ತು. ಅಷ್ಟರಲ್ಲಿ ಮುಂದಿನ ಹತ್ತು ಪದಗಳು ಬಂದು ಅದರ ಮೇಲೆ ಬೀಳುತ್ತಿದ್ದವು. ಸಬೈನ್ ರಾತ್ರಿ ಹೊತ್ತು ಪಕ್ಕದ ನಾಟಕಶಾಲೆಯಿಂದ ಕುರ್ಚಿಯ ದಿಂಬುಗಳನ್ನು ಹೊತ್ತು ತರಿಸಿದರು. ಆರ್ಗನ್ ವಾದ್ಯದ ಒಂದು ಕೊಳವೆ ಊದಿಸಿ, ಶಬ್ದ ಎಷ್ಟು ಹೊತ್ತು ಉಳಿಯುತ್ತದೆ ಎಂದು ಗಡಿಯಾರ ಹಿಡಿದು ನೋಡಿದರು. ದಿಂಬು ಜಾಸ್ತಿ ಆದಂತೆ ಗುಂಯ್‌ಗಾಟ ಕಡಿಮೆ ಆಯಿತು. ನನಗೆ ಇದರಲ್ಲಿ ತುಂಬಾ ಹಿಡಿಸುವುದು ಇನ್ನೊಂದು ಸಂಗತಿ. ತಾನು ತೊಟ್ಟ ಬಟ್ಟೆ ಕೂಡ ಅಳತೆಯನ್ನು ಬದಲಿಸುತ್ತದೆ ಎಂದು ಅವರಿಗೆ ಗೊತ್ತಾಯಿತು. ಆಮೇಲೆ ಪ್ರತಿ ರಾತ್ರಿಯೂ ಅವೇ ಬಟ್ಟೆ ತೊಟ್ಟು ಅಳೆದರು. ಅಂದರೆ ಕೋಣೆಯನ್ನು ಕೇಳಲು ಒಳಗೆ ಹೋದವರೂ ಕೋಣೆಯ ಭಾಗವೇ ಆಗಿಬಿಡುತ್ತಾರೆ. ಕಲಾವಿದರು ಇದನ್ನು ಕೈಗೆತ್ತಿಕೊಳ್ಳುವುದಕ್ಕೆ ಎಷ್ಟೋ ದಶಕ ಮೊದಲೇ ಒಬ್ಬ ಭೌತವಿಜ್ಞಾನಿಗೆ ಇದು ಗೊತ್ತಾಗಿತ್ತು.

ನಾನು ಒಂದೇ ಒಂದು ಕೃತಿ ಕೇಳಬೇಕು ಅಂದರೆ ಯಾವುದು?

ಅಮೆರಿಕದ ಸಂಗೀತ ಸಂಯೋಜಕ ಆಲ್ವಿನ್ ಲೂಸಿಯರ್ ಅವರ ‘ಐ ಆ್ಯಮ್ ಸಿಟಿಂಗ್ ಇನ್ ಎ ರೂಮ್’, 1969ರದು. ಯೋಚಿಸದೆ ಹೇಳುತ್ತೇನೆ, ಇದರಿಂದಲೇ ಶುರು ಮಾಡಿ.

ಕೆಲಸ ಇಷ್ಟೇ. ಲೂಸಿಯರ್ ಒಂದು ಕೋಣೆಯಲ್ಲಿ ಕೂತು ಕೆಲವು ವಾಕ್ಯ ಓದುತ್ತಾರೆ. ತಾನು ಈಗ ಏನು ಮಾಡಲಿದ್ದೇನೆ ಎಂಬುದೇ ಆ ವಾಕ್ಯಗಳ ವಿಷಯ. ಅದನ್ನು ಟೇಪಿನಲ್ಲಿ ಹಿಡಿಯುತ್ತಾರೆ. ಆ ಟೇಪನ್ನು ಅದೇ ಕೋಣೆಯಲ್ಲಿ ಸ್ಪೀಕರಿನಿಂದ ಕೇಳಿಸಿ, ಕೇಳಿಸಿದ್ದನ್ನು ಇನ್ನೊಂದು ಟೇಪಿನಲ್ಲಿ ಹಿಡಿಯುತ್ತಾರೆ. ಆ ಎರಡನೆಯದನ್ನು ಮತ್ತೆ ಕೇಳಿಸಿ ಮತ್ತೆ ಹಿಡಿಯುತ್ತಾರೆ. ಹೀಗೆ ಮಾಡುತ್ತಲೇ ಹೋಗುತ್ತಾರೆ.

ಪ್ರತಿ ಕೋಣೆಗೂ ತನ್ನದೇ ಕೆಲವು ಸ್ವರಗಳಿರುತ್ತವೆ. ಎದುರು ಬದುರು ಗೋಡೆಗಳ ನಡುವೆ ಸರಿಯಾಗಿ ಕೂರುವ ಅಲೆಗಳು ಅವು. ಅಂಥ ಸ್ವರಗಳನ್ನು ಕೋಣೆ ಎತ್ತಿ ಹಿಡಿಯುತ್ತದೆ, ಉಳಿದವನ್ನು ಕೈಬಿಡುತ್ತದೆ. ಒಂದು ಸಲಕ್ಕೆ ಈ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ಸುತ್ತು ಹೆಚ್ಚಾದಂತೆ ಎತ್ತಿದ್ದು ಮತ್ತಷ್ಟು ಏರುತ್ತದೆ, ಬಿಟ್ಟದ್ದು ಪೂರ್ತಿ ಹೋಗುತ್ತದೆ. ಮೊದಲು ದನಿಯ ಸುತ್ತ ಒಂದು ಮಂಜು ಬಂದಂತೆ ಇರುತ್ತದೆ. ಆಮೇಲೆ ವ್ಯಂಜನಗಳು ಕರಗುತ್ತವೆ. ಆಮೇಲೆ ಯಾವ ಪದವೂ ತಿಳಿಯುವುದಿಲ್ಲ, ಮಾತಿನ ಲಯ ಮಾತ್ರ ಉಳಿಯುತ್ತದೆ. ಕೊನೆಗೆ ಗಾಜಿನ ಬಟ್ಟಲು ಸವರಿದಂಥ ಉದ್ದನೆಯ ಸ್ವರಗಳು. ಅವು ಕೋಣೆಯ ಸ್ವರಗಳು. 1980ರಲ್ಲಿ ಅವರು ತಮ್ಮ ಮನೆಯಲ್ಲಿ ಮಾಡಿದ, ಎಲ್ಲರೂ ಹೆಚ್ಚಾಗಿ ಕೇಳಿರುವ ರೆಕಾರ್ಡಿಂಗ್‌ನಲ್ಲಿ 32 ಸುತ್ತುಗಳಿವೆ, ಸುಮಾರು 45 ನಿಮಿಷ.

ಇನ್ನೊಂದು ವಿಷಯ ತಿಳಿದಿರಲಿ. ಲೂಸಿಯರ್‌ಗೆ ಮಾತು ತೊದಲುತ್ತಿತ್ತು. ಓದುವಾಗ ಅಲ್ಲಲ್ಲಿ ತಡವರಿಸುವುದು ಮೊದಲ ಸುತ್ತಿನಲ್ಲಿ ಚೆನ್ನಾಗಿ ಕೇಳುತ್ತದೆ. ಕೋಣೆ ಸುತ್ತು ಸುತ್ತಿಗೂ ಆ ತೊಡಕನ್ನು ನುಣುಪಾಗಿಸುತ್ತಾ ಹೋಗುತ್ತದೆ. ಇದನ್ನು ಅವರು ತಮ್ಮ ಓದಿನಲ್ಲೇ ಹೇಳಿದ್ದಾರೆ. ಮೊದಲ ಸಲ ಕೇಳಿದಾಗ ನಾನು ಇದನ್ನು ಬರೀ ಪ್ರಯೋಗ ಅಂದುಕೊಂಡಿದ್ದೆ. ಎರಡನೆಯ ಸಲ ಈ ತೊದಲು ಗಮನಕ್ಕೆ ಬಂತು. ಆಮೇಲೆ ಆ ಕೊನೆಯ ಸ್ವರಗಳನ್ನು ಕೇಳುವಾಗೆಲ್ಲ ಗಂಟಲು ಕಟ್ಟುತ್ತದೆ.

ಇದನ್ನು ಮನೆಯಲ್ಲೇ ಮಾಡಬಹುದಾ?

ಖಂಡಿತ. ಪುಸ್ತಕ ಓದಿ ತಿಳಿಯುವುದಕ್ಕಿಂತ ಒಂದು ಸಂಜೆ ಇದನ್ನು ಮಾಡಿದರೆ ಜಾಸ್ತಿ ಗೊತ್ತಾಗುತ್ತದೆ.

ಗಟ್ಟಿ ಗೋಡೆಯ ಜಾಗ ಹುಡುಕಿ. ಖಾಲಿ ಕೋಣೆ, ಬಚ್ಚಲುಮನೆ, ಮೆಟ್ಟಿಲಿನ ಗೂಡು, ಯಾವುದಾದರೂ ಸರಿ. ಒಂದು ಮೂಲೆಯಲ್ಲಿ ಸ್ಪೀಕರ್, ಇನ್ನೊಂದು ಮೂಲೆಯಲ್ಲಿ ರೆಕಾರ್ಡರ್ ಇಡಿ. ಎರಡನ್ನೂ ಹತ್ತಿರ ಇಟ್ಟರೆ ಸ್ಪೀಕರಿನ ದನಿಯೇ ನೇರವಾಗಿ ಬಂದು ಬೀಳುತ್ತದೆ, ಕೋಣೆಗೆ ಮಾತಾಡಲು ಜಾಗ ಇರುವುದಿಲ್ಲ. ಇಪ್ಪತ್ತು ಸೆಕೆಂಡಿನ ಮಾತು ಸಾಕು. ಪ್ರತಿ ಸುತ್ತಿನಲ್ಲೂ ಶಬ್ದದ ಮಟ್ಟ ಹಿಂದಿನಷ್ಟೇ ಇರುವಂತೆ ನೋಡಿಕೊಳ್ಳಿ. ಹತ್ತು ಹದಿನೈದು ಸುತ್ತಿನಲ್ಲಿ ಕೋಣೆಯ ಸ್ವರ ಎದ್ದು ಬರುತ್ತದೆ.

ನಾನು ಮಾಡಿದ ತಪ್ಪು ಹೇಳುತ್ತೇನೆ. ಮೊದಲ ಸಲ ಮೆಟ್ಟಿಲಿನ ತಿರುವಿನಲ್ಲಿ ಕೂತು ಫೋನಿನಲ್ಲೇ ಹಿಡಿದೆ. ನಾಲ್ಕನೇ ಸುತ್ತಿಗೆ ಶಬ್ದವೇ ಮಾಯ. ಒಂದು ಗಂಟೆ ತಲೆ ಕೆಡಿಸಿಕೊಂಡ ಮೇಲೆ ಕಾರಣ ಗೊತ್ತಾಯಿತು. ಫೋನಿನ ರೆಕಾರ್ಡರ್ ಗದ್ದಲವನ್ನು ತಾನೇ ಸೋಸಿ ತೆಗೆಯುತ್ತದೆ. ಒಂದೇ ಸಮ ಉಳಿಯುವ ಸ್ವರ ಅದರ ಲೆಕ್ಕದಲ್ಲಿ ಗದ್ದಲ. ಅಂದರೆ ನಾನು ಹುಡುಕುತ್ತಿದ್ದ ಕೋಣೆಯ ದನಿಯನ್ನೇ ಅದು ಕಸ ಎಂದು ಎಸೆಯುತ್ತಿತ್ತು. ಆ ಸೌಲಭ್ಯವನ್ನು ಆಫ್ ಮಾಡಬಹುದಾದ ಆ್ಯಪ್ ಬಳಸಿ.

ಅಷ್ಟೂ ತಾಪತ್ರಯ ಬೇಡ ಅಂದರೆ ಬಚ್ಚಲುಮನೆಯಲ್ಲಿ ನಿಂತು ಬಾಯಿ ಮುಚ್ಚಿ ಗುನುಗಿ. ತಗ್ಗಿನಿಂದ ನಿಧಾನಕ್ಕೆ ಏರಿಸುತ್ತಾ ಹೋಗಿ. ಎಲ್ಲೋ ಒಂದು ಕಡೆ ಕೋಣೆ ಇದ್ದಕ್ಕಿದ್ದಂತೆ ನಿಮ್ಮ ಜೊತೆ ಹಾಡುತ್ತದೆ. ಗೋಡೆಗಳ ನಡುವೆ ಎರಡು ಮೀಟರ್ ಇದ್ದರೆ ಅದು ಸುಮಾರು 86 ಹರ್ಟ್ಜ್ (ಅಂದರೆ ಸೆಕೆಂಡಿಗೆ 86 ಕಂಪನ), ಅದರ ಎರಡರಷ್ಟು 172, ಮೂರರಷ್ಟು 257ರ ಆಸುಪಾಸಿನಲ್ಲಿ ಸಿಗುತ್ತದೆ.

ತಲೆ ಅಲ್ಲಾಡಿಸಿದರೆ ಶಬ್ದ ಬದಲಾಗುತ್ತೆ ಅಂತಾರೆ. ನಿಜಾನಾ?

ನಿಜ. ಇದನ್ನೇ ಕೃತಿಯ ಜೀವ ಮಾಡಿಕೊಂಡ ಮನೆಯೊಂದಿದೆ. ನ್ಯೂಯಾರ್ಕ್‌ನ ಚರ್ಚ್ ಸ್ಟ್ರೀಟ್‌ನಲ್ಲಿ ಲಾ ಮಾಂಟ್ ಯಂಗ್ ಮತ್ತು ಮೇರಿಯನ್ ಝಝೀಲಾ 1993ರಲ್ಲಿ ಕಟ್ಟಿದ ಡ್ರೀಮ್ ಹೌಸ್. ಝಝೀಲಾ ಅವರ ನೇರಳೆ ಬೆಳಕು, ನಾಲ್ಕೂ ಮೂಲೆಯಿಂದ ಒಂದೇ ಸಮ ಬರುವ ಯಂಗ್ ಅವರ ಸ್ವರಗಳು. ಆ ಸ್ವರಗಳು ಏರುವುದಿಲ್ಲ, ಇಳಿಯುವುದಿಲ್ಲ, ನಿಲ್ಲುವುದೂ ಇಲ್ಲ. ನೀವು ಅಲ್ಲಾಡದೆ ನಿಂತರೆ ನಿಮಗೆ ಕೇಳುವುದೂ ಬದಲಾಗದೆ ಹಾಗೇ ಉಳಿಯುತ್ತದೆ. ನೀವು ಕತ್ತು ತಿರುಗಿಸಿದರೆ ಹೊಸ ರಾಗವೇ ಶುರುವಾದಂತೆ ಕೇಳುತ್ತದೆ.

ಇದರ ಹಿಂದೆ ಮಾಟ ಏನಿಲ್ಲ. ಒಂದು ಅಲೆ ಗೋಡೆಗೆ ಹೋಗಿ, ವಾಪಸ್ ಬರುವ ತನ್ನದೇ ಅಲೆಯನ್ನು ಎದುರಾಗುತ್ತದೆ. ಎರಡೂ ಸೇರಿದ ಕಡೆ ಕೆಲವು ಜಾಗದಲ್ಲಿ ಶಬ್ದ ಹೆಚ್ಚುತ್ತದೆ, ಕೆಲವು ಜಾಗದಲ್ಲಿ ಒಂದನ್ನೊಂದು ತಿಂದುಹಾಕುತ್ತದೆ. ಹೀಗೆ ಕೋಣೆಯ ಗಾಳಿಯಲ್ಲಿ ಜೋರು ಜಾಗ, ಮೆಲು ಜಾಗಗಳ ಒಂದು ನಕ್ಷೆ ಬೀಳುತ್ತದೆ. ಇದಕ್ಕೆ ನಿಂತ ಅಲೆ ಎನ್ನುತ್ತಾರೆ. 1000 ಹರ್ಟ್ಜ್ ಸ್ವರದಲ್ಲಿ ಒಂದು ಮೆಲು ಜಾಗಕ್ಕೂ ಮುಂದಿನದಕ್ಕೂ ಸುಮಾರು 17 ಸೆಂಟಿಮೀಟರ್ ಅಂತರ. ಅದು ಹತ್ತಿರ ಹತ್ತಿರ ನಿಮ್ಮ ಎರಡು ಕಿವಿಗಳ ನಡುವಿನ ದೂರ! ಸ್ವಲ್ಪ ವಾಲಿದರೂ ಕಿವಿ ಜೋರು ಜಾಗದಿಂದ ಮೆಲು ಜಾಗಕ್ಕೆ ಹೋಗಬಹುದು. 50 ಹರ್ಟ್ಜ್‌ನ ತಗ್ಗು ಸ್ವರದಲ್ಲಿ ಇದೇ ಅಂತರ ಮೂರೂವರೆ ಮೀಟರ್ ಆಗುತ್ತದೆ. ಆಗ ಕತ್ತು ಸಾಲದು, ನಡೆಯಬೇಕು.

ಹಾಗಾಗಿ ಇಂಥ ಕೋಣೆಯಲ್ಲಿ ಹತ್ತು ಜನ ಇದ್ದರೆ ಹತ್ತು ಕೃತಿಗಳು ನಡೆಯುತ್ತಿರುತ್ತವೆ. ಪಕ್ಕದವರ ಮೈಯೂ ಅಲೆಯನ್ನು ತಡೆಯುತ್ತದೆ, ನುಂಗುತ್ತದೆ. ಯಾರೋ ಒಳಗೆ ಬಂದರೆ ನಿಮಗೆ ಕೇಳುವುದು ಕೂಡ ಚೂರು ಬದಲಾಗುತ್ತದೆ.

ಪ್ರತಿಧ್ವನಿ, ಅನುರಣನ ಎರಡೂ ಒಂದೇನಾ?

ಬೇರೆ ಬೇರೆ. ಬೆಟ್ಟದ ಎದುರು ಕೂಗಿದಾಗ ನಿಮ್ಮ ಕೂಗು ಬಿಡಿಯಾಗಿ, ಗುರುತು ಸಿಗುವಂತೆ ವಾಪಸ್ ಬಂದರೆ ಅದು ಪ್ರತಿಧ್ವನಿ. ವಾಪಸ್ ಬಂದವು ಸಾವಿರಾರು, ಒಂದರ ಮೇಲೊಂದು ಬಿದ್ದು ಬಿಡಿಸಲಾಗದ ಬಾಲವಾಗಿ ಉಳಿದರೆ ಅದು ಅನುರಣನ.

ಅನುರಣನವನ್ನೇ ಜೊತೆಗಾರ ಮಾಡಿಕೊಂಡವರು ಅಮೆರಿಕದ ಸಂಯೋಜಕಿ ಪಾಲಿನ್ ಒಲಿವೆರೋಸ್. 1988ರಲ್ಲಿ ಅವರು ತಮ್ಮ ಅಕಾರ್ಡಿಯನ್ ಹಿಡಿದು, ಇಬ್ಬರು ಗೆಳೆಯರ ಜೊತೆ, ವಾಷಿಂಗ್ಟನ್ ರಾಜ್ಯದ ಫೋರ್ಟ್ ವೋರ್ಡನ್‌ನಲ್ಲಿ ನೆಲದಿಂದ 14 ಅಡಿ ಕೆಳಗಿದ್ದ ಖಾಲಿ ನೀರಿನ ತೊಟ್ಟಿಗೆ ಇಳಿದರು. ಅಲ್ಲಿ ಒಂದು ಸ್ವರ 45 ಸೆಕೆಂಡು ಉಳಿಯುತ್ತಿತ್ತು. ನುಡಿಸಿದ್ದು ಮುಗಿದರೂ ಅದು ಇನ್ನೂ ಅಲ್ಲೇ ಇರುತ್ತದೆ. ಮುಂದಿನ ಸ್ವರ ಹಾಕುವ ಮೊದಲು ಹಿಂದಿನದನ್ನು ಕೇಳಲೇಬೇಕು, ಇಲ್ಲದಿದ್ದರೆ ಎಲ್ಲ ಕಲಸಿ ಹೋಗುತ್ತದೆ. ಡೀಪ್ ಲಿಸನಿಂಗ್, ಅಂದರೆ ಆಳವಾಗಿ ಕೇಳುವುದು, ಎಂಬ ಹೆಸರು ಅಲ್ಲಿಂದಲೇ ಬಂತು. ಒಲಿವೆರೋಸ್ ಉಳಿದ ಬದುಕಿನುದ್ದಕ್ಕೂ ಅದನ್ನು ಒಂದು ಅಭ್ಯಾಸವಾಗಿ ಕಲಿಸಿದರು.

ಇದಕ್ಕಿಂತ ಉದ್ದದ ಅನುರಣನವೂ ಇದೆ. ಸ್ಕಾಟ್‌ಲೆಂಡ್‌ನ ಇಂಚಿನ್‌ಡೌನ್‌ನಲ್ಲಿ ಎರಡನೇ ಮಹಾಯುದ್ಧದ ಕಾಲದ ಎಣ್ಣೆ ತೊಟ್ಟಿಗಳಿವೆ. ಅಲ್ಲಿ ಟ್ರೆವರ್ ಕಾಕ್ಸ್ ಎಂಬ ಶಬ್ದವಿಜ್ಞಾನಿ ಪಿಸ್ತೂಲು ಹಾರಿಸಿ ಅಳೆದರು. 125 ಹರ್ಟ್ಜ್‌ನಲ್ಲಿ 112 ಸೆಕೆಂಡು.

ಮೈಯಿಂದ ಕೇಳುವುದು ಅಂದರೆ ಏನು? ಬರೀ ಮಾತಿನ ಅಲಂಕಾರ ಅಲ್ವಾ?

ಅಲ್ಲ. ನಿಮ್ಮದೇ ದನಿಯನ್ನು ರೆಕಾರ್ಡ್ ಮಾಡಿ ಕೇಳಿದಾಗ ಅಪರಿಚಿತ ಎನಿಸುತ್ತದೆ ಅಲ್ವಾ? ಮಾತಾಡುವಾಗ ನಿಮ್ಮ ದನಿ ಗಾಳಿಯಿಂದ ಮಾತ್ರ ಕಿವಿಗೆ ಬರುವುದಿಲ್ಲ. ತಲೆಬುರುಡೆಯ ಎಲುಬಿನಿಂದಲೂ ಒಳಗಿವಿಗೆ ಹೋಗುತ್ತದೆ, ಎಲುಬು ತಗ್ಗು ಸ್ವರಗಳನ್ನು ಹೆಚ್ಚಾಗಿ ಸಾಗಿಸುತ್ತದೆ. ರೆಕಾರ್ಡಿಂಗ್‌ನಲ್ಲಿ ಆ ಪಾಲು ಇಲ್ಲ. ಇಷ್ಟು ವರ್ಷ ನೀವು ನಿಮ್ಮನ್ನು ಎಲುಬಿನಿಂದಲೂ ಕೇಳುತ್ತಾ ಬಂದಿದ್ದೀರಿ.

ಅಮೆರಿಕದ ಕಲಾವಿದೆ ಲಾರಿ ಆ್ಯಂಡರ್ಸನ್ 1978ರಲ್ಲಿ ಇದನ್ನೇ ಒಂದು ಮೇಜಾಗಿ ಮಾಡಿದರು. ನೋಡಲು ಸಾದಾ ಮರದ ಮೇಜು, ಯಾವ ಶಬ್ದವೂ ಕೇಳುವುದಿಲ್ಲ. ಮೇಜಿನ ಮೇಲಿನ ಸಣ್ಣ ಗುಳಿಗಳಲ್ಲಿ ಮೊಣಕೈ ಊರಿ, ಅಂಗೈಯಿಂದ ಕಿವಿ ಮುಚ್ಚಿಕೊಂಡರೆ ಸಂಗೀತ ಕೇಳುತ್ತದೆ. ಶಬ್ದ ಮರದಿಂದ ಮೊಣಕೈಗೆ, ತೋಳಿನ ಎಲುಬಿನಿಂದ ತಲೆಗೆ ಏರುತ್ತದೆ. ಒಮ್ಮೆ ಎಲೆಕ್ಟ್ರಿಕ್ ಟೈಪ್‌ರೈಟರ್ ಮುಂದೆ ಬೇಸತ್ತು ತಲೆ ಹಿಡಿದು ಕೂತಾಗ ಅದರ ಗುಂಯ್ ಎನ್ನುವುದು ತೋಳಿನಿಂದ ಏರಿ ಬಂದದ್ದು ಈ ಕೃತಿಗೆ ಮೂಲ. ಕಿವಿ ಮುಚ್ಚಿದರೆ ಕೇಳುವ ಕೃತಿ! ಕೂತವರ ಭಂಗಿಯನ್ನು ನೋಡಿದರೆ ಏನೋ ಚಿಂತೆಯಲ್ಲಿ ಮುಳುಗಿದವರಂತೆ ಕಾಣುತ್ತಾರೆ. ಅದೂ ಕೃತಿಯ ಒಂದು ಭಾಗವೇ ಎಂದು ನನಗೆ ಅನಿಸುತ್ತದೆ.

ಆಸ್ಟ್ರಿಯಾದ ಬರ್ನ್‌ಹಾರ್ಡ್ ಲೈಟ್ನರ್ ಓದಿದ್ದು ಕಟ್ಟಡ ವಿನ್ಯಾಸ. ಇಟ್ಟಿಗೆಯ ಬದಲು ಶಬ್ದದಿಂದ ಕಟ್ಟಲು ಸಾಧ್ಯವೇ ಎಂದು ಅವರು 1960ರ ದಶಕದ ಕೊನೆಯಿಂದ ಹುಡುಕಿದರು. ಅವರ 1975ರ ಒಂದು ಕೃತಿ ಒರಗು ಕುರ್ಚಿ. ಮಲಗಿದವರ ಮೈಕೆಳಗೆ ಸ್ಪೀಕರ್‌ಗಳು. ಶಬ್ದ ಕಾಲಿನ ಕಡೆಯಿಂದ ತಲೆಯ ಕಡೆಗೆ, ಮತ್ತೆ ಕೆಳಕ್ಕೆ ಮೈಯೊಳಗೇ ಹರಿದಂತೆ ಆಗುತ್ತದೆ. ಅಂಗಾಲು, ಎದೆ, ಹೊಟ್ಟೆ ಇವೂ ಕೇಳುತ್ತವೆ ಎಂದು ಅವರು ನಂಬಿದ್ದರು. ಎದೆಗೂಡು ತಗ್ಗು ಸ್ವರಗಳಿಗೆ ನಡುಗುವುದನ್ನು ಡೋಲಿನ ಹತ್ತಿರ ನಿಂತವರೆಲ್ಲ ಬಲ್ಲರು. ಪ್ಯಾರಿಸ್‌ನ ಲಾ ವಿಲೆಟ್ ಉದ್ಯಾನದಲ್ಲಿ, ಬಿದಿರು ಮೆಳೆಯ ನಡುವೆ, 1987ರಲ್ಲಿ ಅವರು ಕಟ್ಟಿದ ಕಾಂಕ್ರೀಟಿನ ದುಂಡು ಶಬ್ದಮನೆ ಇದೆ.

ಹಾಗಾದರೆ ಕಿವುಡರಿಗೂ ಈ ಕಲೆ ಇದೆಯಾ?

ಇದೆ. ಕೇಳುವುದಕ್ಕಷ್ಟೇ ಅಲ್ಲ, ಮಾಡುವುದಕ್ಕೂ. ಹುಟ್ಟಿನಿಂದ ಕಿವುಡರಾದ ಕ್ರಿಸ್ಟೀನ್ ಸನ್ ಕಿಮ್ ಇಂದು ಈ ಕ್ಷೇತ್ರದ ಮುಖ್ಯ ಹೆಸರುಗಳಲ್ಲಿ ಒಬ್ಬರು. ಶಬ್ದದಿಂದ ನಡುಗುವ ಹಲಗೆಯ ಮೇಲೆ ಶಾಯಿ ಅದ್ದಿದ ವಸ್ತುಗಳನ್ನಿಟ್ಟು, ಅವು ತಾವೇ ಗೀಚುವ ಚಿತ್ರಗಳನ್ನು ಅವರು ಮಾಡಿದ್ದಾರೆ. ಶಬ್ದ ಯಾರಿಗೆ ಸೇರಿದ್ದು, ಅದರ ನಿಯಮಗಳನ್ನು ಯಾರು ಬರೆದರು ಎಂಬ ಅವರ ಪ್ರಶ್ನೆ ತುಂಬಾ ದೊಡ್ಡದು. ತಾಳವಾದ್ಯಗಾರ್ತಿ ಎವೆಲಿನ್ ಗ್ಲೆನಿ ಹನ್ನೆರಡನೇ ವಯಸ್ಸಿನ ಹೊತ್ತಿಗೆ ಕೇಳುವ ಶಕ್ತಿಯನ್ನು ಬಹುಪಾಲು ಕಳೆದುಕೊಂಡರು. ಬರಿಗಾಲಿನಲ್ಲಿ ನಿಂತು ನುಡಿಸುತ್ತಾರೆ, ವೇದಿಕೆಯ ಕಂಪನ ಅಂಗಾಲಿಗೆ ತಾಗಲಿ ಎಂದು.

ಕಿವಿಯೇ ಶಬ್ದ ಮಾಡುತ್ತೆ ಅಂತ ಓದಿದೆ. ಹೇಗೆ ಸಾಧ್ಯ?

ಇದು ಎಲ್ಲಕ್ಕಿಂತ ವಿಚಿತ್ರ, ಎಲ್ಲಕ್ಕಿಂತ ಚೆಂದ. ಒಳಗಿವಿಯಲ್ಲಿ ಶಂಖದ ಆಕಾರದ ಒಂದು ಅಂಗ ಇದೆ. ಅದರೊಳಗಿನ ಕೆಲವು ಕೂದಲು ಜೀವಕೋಶಗಳು ಸುಮ್ನೆ ಕೂತು ಶಬ್ದ ಹಿಡಿಯುವುದಿಲ್ಲ. ತಾವೂ ಕುಣಿದು ಮೆಲು ಶಬ್ದಗಳನ್ನು ದೊಡ್ಡದು ಮಾಡುತ್ತವೆ. ಆ ಕುಣಿತದಿಂದ ಹೊಸ ಶಬ್ದ ಹುಟ್ಟಿ ಕಿವಿಯಿಂದ ಹೊರಕ್ಕೂ ಬರುತ್ತದೆ. 1978ರಲ್ಲಿ ಡೇವಿಡ್ ಕೆಂಪ್ ಸಣ್ಣ ಮೈಕ್ ಇಟ್ಟು ಇದನ್ನು ಅಳೆದು ತೋರಿಸಿದರು. ಹುಟ್ಟಿದ ಮಗುವಿಗೆ ಕಿವಿ ಕೇಳುತ್ತದೆಯೇ ಎಂದು ನೋಡುವ ಒಂದು ಪರೀಕ್ಷೆ ಇದನ್ನೇ ನೆಚ್ಚಿಕೊಂಡಿದೆ.

ಎರಡು ಹತ್ತಿರದ ಸ್ವರಗಳನ್ನು ಒಟ್ಟಿಗೆ ಕೇಳಿಸಿದರೆ ಕಿವಿ ಮೂರನೆಯದನ್ನು ಸೇರಿಸುತ್ತದೆ. ಉದಾಹರಣೆಗೆ 1000 ಮತ್ತು 1200 ಹರ್ಟ್ಜ್ ಕೇಳಿಸಿದಾಗ 800ರಲ್ಲಿ ಒಂದು ಹುಟ್ಟಬಹುದು. ಅದು ಸ್ಪೀಕರಿನಿಂದ ಬಂದದ್ದಲ್ಲ, ಕೋಣೆಯಲ್ಲೂ ಇಲ್ಲ. ಅಮೆರಿಕದ ಮೇರಿಯಾನ್ ಅಮಾಕರ್ ಈ ಹೆಚ್ಚುವರಿ ಸ್ವರಗಳಿಗಾಗಿಯೇ ಕೃತಿ ಕಟ್ಟಿದರು. ಚುರುಕಾದ, ಎತ್ತರದ ಸ್ವರಗಳು ಮುಂದೆ ಓಡುತ್ತಿದ್ದರೆ ಇನ್ನೊಂದು ರಾಗ ನಿಮ್ಮ ತಲೆಯೊಳಗೇ, ಕಿವಿಯ ಪಕ್ಕದಲ್ಲೇ ಹಕ್ಕಿಯಂತೆ ರೆಕ್ಕೆ ಬಡಿಯುತ್ತದೆ. 1999ರಲ್ಲಿ ಬಂದ ಅವರ ಸಿಡಿಯ ಹೆಸರಿನಲ್ಲಿ ಮೂರನೇ ಕಿವಿಯ ಮಾತಿದೆ. ಇದನ್ನು ಹೆಡ್‌ಫೋನ್ ಬಿಟ್ಟು ಸ್ಪೀಕರಿನಲ್ಲೇ ಕೇಳಬೇಕು. ಎರಡೂ ಕಿವಿ ಮುಚ್ಚಿ ತೆಗೆದು ನೋಡಿ. ಯಾವುದು ಕೋಣೆಯದು, ಯಾವುದು ನಿಮ್ಮದು ಎಂದು ಗೊತ್ತಾಗುತ್ತದೆ. ನಾನು ಮೊದಲ ಸಲ ಕೇಳಿದಾಗ ಎದ್ದು ಹೋಗಿ ಸ್ಪೀಕರ್ ಕೆಟ್ಟಿದೆಯೇ ಎಂದು ನೋಡಿದ್ದೆ.

ಪೂರ್ತಿ ನಿಶ್ಶಬ್ದ ಅನ್ನೋದು ಇದೆಯಾ?

ಅಮೆರಿಕದ ಸಂಗೀತ ಸಂಯೋಜಕ ಜಾನ್ ಕೇಜ್ ಇದನ್ನು ಹುಡುಕಿಕೊಂಡು 1951ರಲ್ಲಿ ಹಾರ್ವರ್ಡ್‌ನ ಶಬ್ದ ನುಂಗುವ ಕೋಣೆಗೆ ಹೋದರು. ಎಲ್ಲ ಗೋಡೆಗೂ ಶಬ್ದ ಹೀರುವ ಬೆಣೆಗಳನ್ನು ಹೊದಿಸಿದ ಕೋಣೆ ಅದು. ಅಲ್ಲಿ ಅವರಿಗೆ ಎರಡು ಶಬ್ದ ಕೇಳಿದವು. ಒಂದು ಎತ್ತರದ್ದು, ಒಂದು ತಗ್ಗಿನದು. ಎತ್ತರದ್ದು ನರಮಂಡಲದ್ದು, ತಗ್ಗಿನದು ರಕ್ತ ಓಡುವುದು ಎಂದು ಅಲ್ಲಿದ್ದ ಎಂಜಿನಿಯರ್ ಹೇಳಿದರಂತೆ. ನರಗಳ ಶಬ್ದ ಹಾಗೆ ಕೇಳುವುದಿಲ್ಲ, ಅದು ಕಿವಿಯ ಗುಂಯ್‌ಗುಡುವಿಕೆ ಇರಬಹುದು ಎನ್ನುವವರು ಈಗ ಹಲವರಿದ್ದಾರೆ. ಹೇಗಾದರೂ ಇರಲಿ, ಬದುಕಿರುವವರೆಗೆ ಶಬ್ದ ಇದ್ದೇ ಇರುತ್ತದೆ ಎಂದು ಕೇಜ್ ಅಲ್ಲಿಂದ ಹೊರಬಂದರು. ಮುಂದಿನ ವರ್ಷವೇ, 1952ರಲ್ಲಿ, 4 ನಿಮಿಷ 33 ಸೆಕೆಂಡು ಏನನ್ನೂ ನುಡಿಸದ ಅವರ ಕೃತಿ ಬಂತು.

ಇದನ್ನೆಲ್ಲ ಕೇಳಲು ಗ್ಯಾಲರಿಗೇ ಹೋಗಬೇಕಾ?

ಬೇಡ. ಹಲವು ಒಳ್ಳೆಯ ಕೃತಿಗಳು ಬೀದಿಯಲ್ಲೇ ಇವೆ.

ನ್ಯೂಹೌಸ್ ಅವರ ‘ಟೈಮ್ಸ್ ಸ್ಕ್ವೇರ್’ ನ್ಯೂಯಾರ್ಕ್‌ನಲ್ಲಿ 45 ಮತ್ತು 46ನೇ ಬೀದಿಗಳ ನಡುವೆ, ಕಾಲುದಾರಿಯ ಕಬ್ಬಿಣದ ಜಾಲರಿಯ ಕೆಳಗೆ ಇದೆ. 1977ರಿಂದ 1992ರವರೆಗೆ ಇತ್ತು, 2002ರಲ್ಲಿ ಮತ್ತೆ ಶುರುವಾಯಿತು. ದೊಡ್ಡ ಗಂಟೆ ಹೊಡೆದ ಮೇಲೆ ಉಳಿಯುವ ಗುಂಯ್ ಎನ್ನುವಂಥ ಶಬ್ದ. ಬೋರ್ಡು ಇಲ್ಲ, ಹೆಸರೂ ಇಲ್ಲ. ಎಷ್ಟೋ ಜನ ಅದರ ಮೇಲೆ ಹಾದು ಹೋಗುತ್ತಾರೆ, ಕೆಲವರು ಮಾತ್ರ ನಿಲ್ಲುತ್ತಾರೆ. ಬೋರ್ಡು ಹಾಕದಿರುವುದು ಸರಿ ಎಂದು ನನಗೆ ಬಲವಾಗಿ ಅನಿಸುತ್ತದೆ. ತಾನೇ ಕಂಡುಕೊಂಡದ್ದು ಮರೆಯುವುದಿಲ್ಲ.

ಜರ್ಮನಿಯ ಕ್ರಿಸ್ಟೀನಾ ಕುಬಿಶ್ ಅವರದು ಇನ್ನೊಂದು ದಾರಿ. ತಂತಿ ಸುರುಳಿ ಇರುವ ವಿಶೇಷ ಹೆಡ್‌ಫೋನ್ ಕೊಟ್ಟು ನಗರದಲ್ಲಿ ನಡೆಯಲು ಕಳಿಸುತ್ತಾರೆ. ಎಟಿಎಂ, ಅಂಗಡಿ ಬಾಗಿಲಿನ ಕಳ್ಳತನ ತಡೆಯುವ ಗೇಟು, ಟ್ರಾಮ್, ದೀಪದ ಬೋರ್ಡು, ಎಲ್ಲದರ ಸುತ್ತ ಇರುವ ವಿದ್ಯುತ್ಕಾಂತ ಕ್ಷೇತ್ರ ಶಬ್ದವಾಗಿ ಕೇಳುತ್ತದೆ. ಜಪಾನಿನ ಅಕಿಯೋ ಸುಝುಕಿ ಅದಕ್ಕೂ ಸರಳ. 1996ರಲ್ಲಿ ಬರ್ಲಿನ್‌ನಿಂದ ಶುರು ಮಾಡಿ, ಚೆನ್ನಾಗಿ ಕೇಳಿಸುವ ಜಾಗಗಳನ್ನು ಹುಡುಕಿ ನೆಲದ ಮೇಲೆ ಒಂದು ಗುರುತು ಬರೆಯುತ್ತಾರೆ. ಪಾದದಂತೆಯೂ ಕಿವಿಯಂತೆಯೂ ಕಾಣುವ ಗುರುತು. ಅಲ್ಲಿ ನಿಂತು ಕೇಳಿ, ಅಷ್ಟೇ ಕೃತಿ. ಕ್ರೊಯೇಶಿಯಾದ ಝಡಾರ್‌ನಲ್ಲಿ 2005ರಲ್ಲಿ ನಿಕೋಲಾ ಬಾಶಿಚ್ ಕಟ್ಟಿದ ದಡದ ಮೆಟ್ಟಿಲುಗಳ ಕೆಳಗೆ 35 ಕೊಳವೆಗಳಿವೆ. ಸಮುದ್ರದ ಅಲೆ ಗಾಳಿಯನ್ನು ನೂಕಿದಾಗ ಅವು ಊದುತ್ತವೆ. ಜನ ಮೆಟ್ಟಿಲ ಮೇಲೆ ಕೂತು ಕೇಳುತ್ತಾರೆ.

2010ರಲ್ಲಿ ಸೂಸನ್ ಫಿಲಿಪ್ಸ್ ಅವರಿಗೆ ಬ್ರಿಟನ್ನಿನ ಹೆಸರಾಂತ ಕಲಾ ಪ್ರಶಸ್ತಿ ಟರ್ನರ್ ಬಂತು. ಶಬ್ದದ ಕೃತಿಗೆ ಆ ಪ್ರಶಸ್ತಿ ಬಂದದ್ದು ಅದೇ ಮೊದಲು. ಗ್ಲಾಸ್ಗೋ ನಗರದ ಕ್ಲೈಡ್ ನದಿಯ ಮೂರು ಸೇತುವೆಗಳ ಕೆಳಗೆ ಆಗ ಅವರ ಒಬ್ಬಂಟಿ ದನಿಯ ಹಾಡು ಕೇಳುತ್ತಿತ್ತು. ತರಬೇತಿ ಇಲ್ಲದ ಸಾದಾ ದನಿ, ಕಲ್ಲು ಮತ್ತು ನೀರು ಅದಕ್ಕೆ ಜೊತೆ.

ಇಷ್ಟೊಂದು ಸ್ಪೀಕರ್ ಯಾಕೆ ಬೇಕು?

ಎಲ್ಲರಿಗೂ ಬೇಕಿಲ್ಲ. ಲೂಸಿಯರ್‌ಗೆ ಒಂದು ಸಾಕಾಯಿತು. 1958ರ ಬ್ರಸೆಲ್ಸ್ ಮೇಳದಲ್ಲಿ ಫಿಲಿಪ್ಸ್ ಕಂಪನಿಯ ಮಂಟಪದಲ್ಲಿ ಮುನ್ನೂರಕ್ಕೂ ಜಾಸ್ತಿ ಸ್ಪೀಕರ್ ಇದ್ದವು. ಸಂಯೋಜಕ ಎಡ್ಗಾರ್ ವರೇಸ್ ಅವರ ಸಂಗೀತ ಗೋಡೆಯ ಮೇಲೆ ಓಡಾಡುವಂತೆ ಕೇಳಿಸಲು.

ಸ್ಪೀಕರ್‌ಗಳ ಲೆಕ್ಕಕ್ಕೆ ನಿಜವಾದ ಅರ್ಥ ಕೊಟ್ಟದ್ದು ಜಾನೆಟ್ ಕಾರ್ಡಿಫ್ ಅವರ 2001ರ ಕೃತಿ. ಥಾಮಸ್ ಟ್ಯಾಲಿಸ್ 16ನೇ ಶತಮಾನದಲ್ಲಿ 40 ದನಿಗಳಿಗೆ ಬರೆದ ಗೀತೆಯೇ ಅದರಲ್ಲಿ ಕೇಳುವುದು. ಒಬ್ಬೊಬ್ಬ ಹಾಡುಗಾರರಿಗೆ ಒಂದೊಂದು ಸ್ಪೀಕರ್, ನಿಂತ ಮನುಷ್ಯನ ಎತ್ತರದಲ್ಲಿ, ಮೊಟ್ಟೆಯ ಆಕಾರದ ಸುತ್ತಿನಲ್ಲಿ. ಮಧ್ಯೆ ನಿಂತರೆ ಇಡೀ ಮೇಳ. ಒಂದರ ಹತ್ತಿರ ಹೋದರೆ ಒಬ್ಬರ ಉಸಿರು. ಹಾಡಿನ ನಡುವಿನ ಬಿಡುವಿನಲ್ಲಿ ಅವರು ಕೆಮ್ಮುವುದು, ಹರಟುವುದು ಕೂಡ ಕೇಳುತ್ತದೆ. ಕಚೇರಿಯಲ್ಲಿ ಹಾಡುಗಾರರ ಮುಖದ ಹತ್ತಿರ ಕಿವಿ ಇಡಲು ಯಾರು ಬಿಡುತ್ತಾರೆ ಹೇಳಿ?

ಹೆಡ್‌ಫೋನ್‌ನಲ್ಲಿ ಕೇಳಿದರೆ ಸಾಲದಾ?

ಕೆಲವಕ್ಕೆ ಸಾಲುತ್ತದೆ. ಕಿವಿಯ ಜಾಗದಲ್ಲಿ ಎರಡು ಮೈಕ್ ಇಟ್ಟು ಹಿಡಿದ ಬೈನಾರಲ್ ರೆಕಾರ್ಡಿಂಗ್‌ಗಳಿಗೆ ಹೆಡ್‌ಫೋನೇ ಬೇಕು. ಬಲಗಡೆಯ ಶಬ್ದ ಬಲಗಿವಿಗೆ, ಎಡಗಿವಿಗಿಂತ ಒಂದು ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕಿಂತಲೂ ಕಡಿಮೆ ಹೊತ್ತು ಮೊದಲು ಬರುತ್ತದೆ. ಆ ಅಂತರವನ್ನೇ ಹಿಡಿದು ಮಿದುಳು ದಿಕ್ಕು ಹೇಳುತ್ತದೆ. ಹೆಡ್‌ಫೋನ್ ಹಾಕಿಕೊಂಡು ನಡೆಯುತ್ತಾ ಕೇಳುವ ಕಾರ್ಡಿಫ್ ಅವರ ಕೃತಿಗಳು ಇದನ್ನು ಬಳಸುತ್ತವೆ. ಹಿಂದಿನಿಂದ ಹೆಜ್ಜೆ ಸಪ್ಪಳ ಬಂದರೆ ತಿರುಗಿ ನೋಡುತ್ತೀರಿ, ಯಾರೂ ಇರುವುದಿಲ್ಲ.

ಉಳಿದವಕ್ಕೆ ಸಾಲದು. ಹೆಡ್‌ಫೋನಿನಲ್ಲಿ ತಲೆ ತಿರುಗಿಸಿದರೆ ಶಬ್ದವೂ ನಿಮ್ಮ ಜೊತೆ ತಿರುಗುತ್ತದೆ. ಎದೆಗೆ, ಅಂಗಾಲಿಗೆ ಏನೂ ಬರುವುದಿಲ್ಲ. ಡ್ರೀಮ್ ಹೌಸ್‌ನ ರೆಕಾರ್ಡಿಂಗ್ ಕೇಳುವುದು ಮನೆಯ ಫೋಟೋ ನೋಡಿದ ಹಾಗೆ.

ಒಂದು ಕೃತಿಯ ಜೊತೆ ಎಷ್ಟು ಹೊತ್ತು ಇರಬೇಕು?

ಮೊದಲ ಐದು ನಿಮಿಷ ನಂಬಬೇಡಿ. ಕಿವಿ ಹೊರಗಿನ ಗದ್ದಲದಿಂದ ಇಳಿಯಲು ಅಷ್ಟು ಬೇಕು. ಆಮೇಲೆ ಒಂದು ಜಾಗದಲ್ಲಿ ಕಣ್ಣು ಮುಚ್ಚಿ ನಿಲ್ಲಿ. ಆಮೇಲೆ ನಿಧಾನಕ್ಕೆ ನಡೆಯಿರಿ, ಗೋಡೆ ಮತ್ತು ಮೂಲೆಗಳ ಹತ್ತಿರ ಹೋಗಿ, ಬಗ್ಗಿ, ಕೂತು ನೋಡಿ. ತಗ್ಗು ಸ್ವರಗಳು ಮೂಲೆಯಲ್ಲಿ ಗಟ್ಟಿಯಾಗಿ ಕೇಳುತ್ತವೆ. ಅಂಗೈಯನ್ನು ಗೋಡೆಗೆ ಒತ್ತಿ ನೋಡಿ, ಮುಟ್ಟಬಾರದು ಎಂದು ಬರೆದಿರದಿದ್ದರೆ.

ಇಷ್ಟು ಜೋರು ಶಬ್ದ ಕಿವಿಗೆ ಅಪಾಯ ಅಲ್ವಾ?

ಕೆಲವು ಕೃತಿಗಳು ನಿಜವಾಗಿಯೂ ಜೋರು. ಇಲ್ಲಿ ಹುಂಬ ಧೈರ್ಯ ಬೇಡ. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಂತೆ 80 ಡೆಸಿಬೆಲ್ ಶಬ್ದವನ್ನು ವಾರಕ್ಕೆ 40 ಗಂಟೆಯವರೆಗೆ ಕೇಳಬಹುದು. 90 ಆದರೆ ವಾರಕ್ಕೆ 4 ಗಂಟೆ ಮಾತ್ರ. ಒಳಗಿವಿಯ ಆ ಕುಣಿಯುವ ಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಇಯರ್‌ಪ್ಲಗ್ ಜೇಬಿನಲ್ಲಿರಲಿ. ಹಾಕಿಕೊಂಡರೂ ತಗ್ಗು ಸ್ವರಗಳು ಮೈಗೆ ಬಂದೇ ಬರುತ್ತವೆ. ಹೊರಬಂದ ಮೇಲೆ ಕಿವಿ ಗುಂಯ್ ಎಂದರೆ ಅಂದು ಜಾಸ್ತಿ ಆಯಿತು ಎಂದರ್ಥ. ಪೇಸ್‌ಮೇಕರ್ ಇರುವವರು ಕುಬಿಶ್ ಅವರಂಥ ವಿದ್ಯುತ್ ನಡಿಗೆಗೆ ಹೋಗುವ ಮೊದಲು ಅಂಗಡಿ ಗೇಟುಗಳ ಹತ್ತಿರ ನಿಲ್ಲುವ ಬಗ್ಗೆ ತಮ್ಮ ವೈದ್ಯರನ್ನು ಕೇಳುವುದು ಒಳ್ಳೆಯದು.

ನಿಂತೆ, ಕೇಳಿದೆ, ಏನೂ ಅನಿಸಲಿಲ್ಲ. ನನ್ನಲ್ಲೇ ಏನೋ ಕೊರತೆಯಾ?

ಇಲ್ಲ. ಕೆಲವು ಕೃತಿಗಳು ನಿಜಕ್ಕೂ ಸಪ್ಪೆ. ಗೋಡೆಯ ಮೇಲಿನ ವಿವರಣೆ ಉದ್ದ ಇದ್ದು ಕೇಳಲು ಏನೂ ಇಲ್ಲದವನ್ನು ನಾನೂ ನೋಡಿದ್ದೇನೆ. ವಿವರಣೆಯನ್ನು ಕೊನೆಗೆ ಓದಿ. ಅರ್ಥ ಹುಡುಕುವ ಮೊದಲು ಒಂದು ಸಣ್ಣ ಪ್ರಶ್ನೆ ಕೇಳಿಕೊಳ್ಳಿ: ಈಗ ಶಬ್ದ ನನ್ನ ಮೈಯ ಯಾವ ಭಾಗಕ್ಕೆ ತಾಗುತ್ತಿದೆ? ಉತ್ತರ ಸಿಕ್ಕರೆ ಮುಂದಿನದು ತಾನಾಗಿ ಬರುತ್ತದೆ. ಸಿಗದಿದ್ದರೆ ಹೊರಡಿ, ಬೇಸರ ಬೇಡ.

ಮಕ್ಕಳನ್ನು ಕರೆದುಕೊಂಡು ಹೋಗಬಹುದಾ?

ಶಬ್ದ ಜೋರಿಲ್ಲದಿದ್ದರೆ ಖಂಡಿತ. ಅವರು ದೊಡ್ಡವರಿಗಿಂತ ಬೇಗ ಮೂಲೆಗಳನ್ನು ಹುಡುಕುತ್ತಾರೆ. ಮೂರು ಅಡಿ ಎತ್ತರದಲ್ಲಿ ಕೇಳುವುದು ಬೇರೆಯೇ ಇರುತ್ತದೆ. ಅವರ ಪಕ್ಕ ಮಂಡಿಯೂರಿ ಕೂತು ಕೇಳಿ.